ಐವತ್ತು ಲಕ್ಷದ ಕಾರು, ಹಿಂದಿನ ಸೀಟಿನಿಂದ

ಎಕ್ಸೆಲ್ ಶೀಟ್ ಮಾಡೋದು ನನ್ನ ಚಟ ಅಂತ ಈ ಅಂಕಣ ಓದುವವರಿಗೆಲ್ಲ ಗೊತ್ತು. ಫ್ರಿಡ್ಜ್ ತಗೊಳ್ಳುವಾಗಲೇ ಹನ್ನೊಂದು ಕಾಲಂ ಹಾಕಿದವನು ನಾನು. ಕಾರಿಗೆ ಎಷ್ಟಾಗಿರಬಹುದು, ಊಹಿಸಿ. ನಲವತ್ತೆರಡು! ಆದರೂ ಒಂದು ಕಾಲಂ ಬಿಟ್ಟುಹೋಗಿತ್ತು. ಅದನ್ನು ತುಂಬಿಸಿದ್ದು ಅಮ್ಮ.

ಮೊದಲಿನಿಂದ ಹೇಳ್ತೀನಿ.

ಹೋದ ವರ್ಷ ಅಮ್ಮನಿಗೆ ಬೆಂಗಳೂರಿನಲ್ಲಿ ಬೆನ್ನಿನ ಆಪರೇಷನ್ ಆಯ್ತು. ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕು. ನಮ್ಮೂರು ತರೀಕೆರೆ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಸುಮಾರು 240 ಕಿಲೋಮೀಟರ್. ನನ್ನ ಎಂಟು ವರ್ಷದ ಹ್ಯಾಚ್‌ಬ್ಯಾಕ್‌ನಲ್ಲಿ ಕರ್ಕೊಂಡು ಬರೋದು, ವಾಪಸ್ ಬಿಟ್ಟು ಬರೋದು. ಎರಡನೇ ಸಲ ಊರಿಗೆ ಬಿಟ್ಟಾಗ ಅಮ್ಮ ಕಾರಿನಿಂದ ಇಳಿಯೋಕೆ ಐದು ನಿಮಿಷ ತಗೊಂಡಳು. ಬಾಗಿಲು ಹಿಡ್ಕೊಂಡು ನಿಂತು, "ಇನ್ಮೇಲೆ ನಾನು ಬರಲ್ಲ ಕಣೋ. ಇಲ್ಲೇ ಶಿವಮೊಗ್ಗದಲ್ಲಿ ಯಾರಿಗಾದ್ರೂ ತೋರಿಸ್ಕೊಳ್ತೀನಿ" ಅಂದಳು.

ಆಪರೇಷನ್ ಮಾಡಿದ ಡಾಕ್ಟರೇ ನೋಡಬೇಕು ಅಂತ ಅವಳಿಗೂ ಗೊತ್ತು. ಆದರೂ ಹಾಗಂದಳು ಅಂದ್ರೆ ನೋವು ಎಷ್ಟಿರಬೇಕು. ಆ ರಾತ್ರಿಯೇ ಯೂಟ್ಯೂಬಿನಲ್ಲಿ ಕಾರು ನೋಡೋಕೆ ಶುರು ಮಾಡಿದೆ.

ಪೂರ್ತಿ ಸತ್ಯ ಹೇಳಿಬಿಡ್ತೀನಿ. ಅರ್ಧ ಅಮ್ಮನಿಗಾಗಿ, ಇನ್ನರ್ಧ ನನಗಾಗಿ. ಆಫೀಸಿನ ಬೇಸ್‌ಮೆಂಟಿನಲ್ಲಿ ನನ್ನ ವಯಸ್ಸಿನವರ ಜರ್ಮನ್ ಕಾರುಗಳ ಪಕ್ಕದಲ್ಲಿ ನನ್ನದನ್ನು ನಿಲ್ಲಿಸುವಾಗ ಏನೂ ಅನ್ನಿಸೋದೇ ಇಲ್ಲ ಅಂತ ಹೇಳಿದ್ರೆ ಅದು ಸುಳ್ಳು.

ಕಾಗದದ ಮೇಲೆ

ನಾನು ಹೋಲಿಸಿದ್ದು ನಾಲ್ಕು ಕಾರು: ಬಿಎಂಡಬ್ಲ್ಯು ಎಕ್ಸ್1, ಆಡಿ ಕ್ಯೂ3, ಮರ್ಸಿಡಿಸ್ ಜಿಎಲ್ಎ, ವೋಲ್ವೊ ಎಕ್ಸ್‌ಸಿ40. ನಾಲ್ಕನೆಯದಕ್ಕೆ ನಮ್ಮೂರಿನ ನಂಟೂ ಇದೆ. ವೋಲ್ವೊ ತನ್ನ ಕಾರುಗಳನ್ನು ಜೋಡಿಸೋದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಎಕ್ಸ್1 ಚೆನ್ನೈ ಹತ್ತಿರ ಜೋಡಣೆಯಾಗುತ್ತೆ, ಜಿಎಲ್ಎ ಪುಣೆ ಬಳಿಯ ಚಾಕಣದಲ್ಲಿ.

ಉದ್ದ ನೋಡಿದ್ರೆ ನಾಲ್ಕೂ 4.4 ಮೀಟರಿನಿಂದ 4.5 ಮೀಟರ್ ಒಳಗೆ. ಕ್ರೆಟಾ 4.33 ಮೀಟರ್. ಅಂದ್ರೆ ಎರಡೂವರೆ ಪಟ್ಟು ದುಡ್ಡು ಕೊಟ್ಟರೂ ಕಾರು ಒಂದು ಗೇಣೂ ಉದ್ದ ಆಗಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ, ಅದೇ ವೀಲ್‌ಬೇಸ್, ಜಿಎಲ್ಎಗೆ 2,729 ಮಿಲಿಮೀಟರ್, ಎಕ್ಸ್‌ಸಿ40ಗೆ 2,702, ಎಕ್ಸ್1ಗೆ 2,692, ಕ್ಯೂ3ಗೆ 2,680. ಅತಿ ಉದ್ದಕ್ಕೂ ಅತಿ ಗಿಡ್ಡಕ್ಕೂ ಐದು ಸೆಂಟಿಮೀಟರಿನಷ್ಟೂ ವ್ಯತ್ಯಾಸ ಇಲ್ಲ. ಈ ಐದು ಸೆಂಟಿಮೀಟರ್ ಮೇಲೆ ಜನ ಗಂಟೆಗಟ್ಟಲೆ ವಾದ ಮಾಡ್ತಾರೆ. ನಾನೂ ಮಾಡಿದ್ದೆ.

ಎಂಜಿನ್ ವಿಷಯದಲ್ಲಿ ವ್ಯತ್ಯಾಸ ಜಾಸ್ತಿ. 2022ರಲ್ಲಿ ಇಲ್ಲಿಗೆ ಬಂದ ಎರಡನೇ ತಲೆಮಾರಿನ ಕ್ಯೂ3ಗೆ 2 ಲೀಟರ್ ಪೆಟ್ರೋಲ್, 190 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಶಕ್ತಿ. ಜಿಎಲ್ಎ 200ಗೆ 1.3 ಲೀಟರ್, 163 ಎಚ್‌ಪಿ. 2023ರಲ್ಲಿ ಬಂದ ಎಕ್ಸ್1 ಪೆಟ್ರೋಲಿಗೆ 1.5 ಲೀಟರ್, ಮೂರು ಸಿಲಿಂಡರ್, 136 ಎಚ್‌ಪಿ. ಇದನ್ನ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವರು. ಎಲ್ಲಾ ಕೇಳಿಸ್ಕೊಂಡು, "ಅಷ್ಟು ಶಕ್ತಿ ಇಟ್ಕೊಂಡು ಅರಸೀಕೆರೆಗೆ ಏನು ಹಾರ್ಕೊಂಡು ಹೋಗ್ತೀಯೇನೋ?" ಅಂದ್ರು.

ಆಮೇಲೆ ಸೌಕರ್ಯಗಳ ಪಟ್ಟಿ. ದೊಡ್ಡ ಗಾಜಿನ ಸನ್‌ರೂಫ್, ಮೂವತ್ತು ಬಣ್ಣದ ಒಳದೀಪ, ಎಲೆಕ್ಟ್ರಿಕ್ ಸೀಟು, ಹೆಸರು ಕೇಳಿದ್ರೇ ಖುಷಿಯಾಗುವ ಮ್ಯೂಸಿಕ್ ಸಿಸ್ಟಂ. ಇಲ್ಲಿ ಒಂದು ಮಾತು. ಬ್ರೋಷರ್ ಓದುವಾಗ ಪ್ರತಿ ಸಾಲಿನ ಮುಂದೆ "ಯಾವ ಸೀಟಿಗೆ?" ಅಂತ ಬರೀರಿ. ಎಲೆಕ್ಟ್ರಿಕ್ ಹೊಂದಾಣಿಕೆ ಯಾವ ಸೀಟಿಗೆ? ಸೊಂಟದ ಆಸರೆ ಯಾವ ಸೀಟಿಗೆ? ಮೆಮೊರಿ ಯಾವ ಸೀಟಿಗೆ? ಈ ಗಾತ್ರದ ಕಾರುಗಳಲ್ಲಿ ಹೆಚ್ಚಿನ ಸುಖ ಮುಂದಿನ ಎರಡು ಸೀಟಿಗೇ ಮುಗಿದುಹೋಗುತ್ತೆ. ಬೆನ್ನಿಗೆ ತಂಪುಗಾಳಿ ಆಡಿಸುವ ವೆಂಟಿಲೇಟೆಡ್ ಸೀಟು ಕ್ರೆಟಾದ ಮೇಲಿನ ವೇರಿಯಂಟುಗಳಲ್ಲಿ ಇದೆ. ಐವತ್ತು ಲಕ್ಷದ ಕಾರು ಅಂದ ಮಾತ್ರಕ್ಕೆ ಅದು ಇದ್ದೇ ಇರುತ್ತೆ ಅಂದ್ಕೋಬೇಡಿ, ಕೇಳಿ.

ಆನ್‌ರೋಡ್ ಅನ್ನೋ ಸಾಲು

ಎಕ್ಸ್-ಶೋರೂಂ ಬೆಲೆ ಲೆಕ್ಕಕ್ಕೆ ಸುಲಭವಾಗಲಿ ಅಂತ 50 ಲಕ್ಷ ಅಂತಿಟ್ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ತೆಗೆದು ಜಿಎಸ್‌ಟಿ ಶೇ. 40 ಮಾಡಿದ್ದಾರೆ. ಅದು ಈ ಬೆಲೆಯೊಳಗೇ ಸೇರಿರುತ್ತೆ. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ರಸ್ತೆ ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. ಎರಡೂ ಸೇರಿದ್ರೆ ಹೆಚ್ಚುಕಮ್ಮಿ ಶೇ. 20. ಅಂದ್ರೆ 50 ಲಕ್ಷಕ್ಕೆ 10 ಲಕ್ಷ, ಬರೀ ರೋಡ್ ಟ್ಯಾಕ್ಸ್! ಆ ಹತ್ತು ಲಕ್ಷಕ್ಕೆ ಒಂದು ಒಳ್ಳೇ ಹ್ಯಾಚ್‌ಬ್ಯಾಕ್ ಬರುತ್ತೆ. ಇನ್ನು ಶೇ. 1 ಟಿಸಿಎಸ್ ಇದೆ, ಅದನ್ನು ಐಟಿ ರಿಟರ್ನ್ಸ್‌ನಲ್ಲಿ ಹೊಂದಿಸ್ಕೋಬಹುದು. ಇನ್ಶೂರೆನ್ಸ್ ಎಲ್ಲಾ ಸೇರಿ ನನ್ನ ಶೀಟಿನಲ್ಲಿ 62 ಲಕ್ಷ ಆಯ್ತು.

ಕೈಯಿಂದ 22 ಲಕ್ಷ ಹಾಕಿ 40 ಲಕ್ಷ ಸಾಲ ತಗೊಂಡ್ರೆ, ಶೇ. 9 ಬಡ್ಡಿಗೆ ಏಳು ವರ್ಷ, ತಿಂಗಳಿಗೆ 64 ಸಾವಿರ ಚಿಲ್ಲರೆ. ಒಟ್ಟು ಬಡ್ಡಿ 14 ಲಕ್ಷ.

ಈ ಶೀಟನ್ನು ಹೆಂಡತಿಗೆ ತೋರಿಸಿದೆ. ಅವಳೂ ಐಟಿಯಲ್ಲೇ ಇರೋದು. ಅದೇ ತಿಂಗಳು ಅವಳ ಟೀಮಿನಿಂದ ನಾಲ್ಕು ಜನರನ್ನ ಕಳಿಸಿದ್ದರು. ಅವಳು ಬೇಡ ಅನ್ನಲಿಲ್ಲ. "ಇಬ್ಬರಲ್ಲಿ ಒಬ್ಬರಿಗೆ ಆರು ತಿಂಗಳು ಕೆಲಸ ಇಲ್ಲ ಅನ್ನೋ ಕಾಲಂ ಎಲ್ಲಿದೆ ಇದ್ರಲ್ಲಿ?" ಅಂತ ಕೇಳಿದಳು. ಶೀಟಿಗೆ ನಲವತ್ತಮೂರನೇ ಕಾಲಂ ಬಂತು. ಅದನ್ನು ಹಾಕಿದ ಮೇಲೆ ನನಗೆ ಎರಡು ದಿನ ಆ ಶೀಟ್ ತೆರೆಯೋ ಮನಸ್ಸಾಗಲಿಲ್ಲ.

ಅಮ್ಮ ಶೋರೂಮಿಗೆ ಬಂದಳು

ಮುಂದಿನ ತಪಾಸಣೆಗೆ ಅಪ್ಪ ಅಮ್ಮನನ್ನು ಒಪ್ಪಿಸಿ ರೈಲಿನಲ್ಲಿ ಕರ್ಕೊಂಡು ಬಂದ್ರು. ಇದೇ ಸಮಯ ಅಂತ ಶನಿವಾರ ಭಾನುವಾರ ಇಬ್ಬರನ್ನೂ ಟೆಸ್ಟ್ ಡ್ರೈವಿಗೆ ಹೊರಡಿಸಿದೆ. ನೀವೂ ಹೀಗೇ ಮಾಡಿ. ಯಾರಿಗಾಗಿ ಕಾರು ತಗೋತಿದ್ದೀರೋ ಅವರನ್ನ ಬಿಟ್ಟು ಹೋಗಬೇಡಿ.

ಮೊದಲ ಪರೀಕ್ಷೆ ಎಂಜಿನ್ ಆನ್ ಮಾಡೋಕೆ ಮುಂಚೆಯೇ ಮುಗಿದುಹೋಯ್ತು. ಹತ್ತಿ ಕೂರೋದು. ಸೀಟು ತೀರಾ ಕೆಳಗಿದ್ರೆ ಬೆನ್ನು ಬಗ್ಗಿಸಿ ಬೀಳಬೇಕು, ಮೇಲಿದ್ರೆ ಕಾಲೆತ್ತಿ ಹತ್ತಬೇಕು. ನಿಂತಲ್ಲಿಂದ ಹಿಂದಕ್ಕೆ ಸರಿದು ಹಾಗೇ ಕೂತುಬಿಡುವಷ್ಟು ಎತ್ತರ ಸರಿ. ಎಸ್‌ಯುವಿಗಳು ಸೆಡಾನಿಗಿಂತ ಇಲ್ಲಿ ಗೆಲ್ಲೋದು. ಆದರೆ ಇನ್ನೊಂದು ಇದೆ, ಬಾಗಿಲ ಹೊಸ್ತಿಲು. ಅದು ಅಗಲ ಇದ್ರೆ ಕಾಲು ದಾಟಿಸೋಕೆ ಕಷ್ಟ, ಇಳಿಯುವಾಗ ಸೀರೆಯ ಅಂಚು ಅದರ ಧೂಳನ್ನೆಲ್ಲ ಒರೆಸ್ಕೊಂಡು ಬರುತ್ತೆ. ಇದು ಯಾವ ರಿವ್ಯೂನಲ್ಲೂ ಇರಲಿಲ್ಲ. ಅಮ್ಮ ಎರಡು ಕಾರನ್ನು ಬರೀ ಇಷ್ಟರಿಂದಲೇ ಬೇಡ ಅಂದಳು.

ಎರಡನೇದು, ಇಪ್ಪತ್ತು ನಿಮಿಷ ಸುಮ್ನೆ ಕೂರೋದು. ಶೋರೂಮಿನಲ್ಲಿ ಎರಡು ನಿಮಿಷ ಕೂತ್ರೆ ಎಲ್ಲಾ ಸೀಟೂ ಸೋಫಾ. ಮಂಡಿಯ ಹಿಂಭಾಗಕ್ಕೂ ಸೀಟಿನ ತುದಿಗೂ ಎರಡು ಮೂರು ಬೆರಳು ಜಾಗ ಇದ್ರೆ ತೊಡೆಗೆ ಸರಿಯಾದ ಆಸರೆ ಸಿಕ್ಕಿದೆ ಅಂತ ಅರ್ಥ. ಅಂಗೈಯಷ್ಟು ಖಾಲಿ ಇದ್ರೆ ಭಾರವೆಲ್ಲ ಸೊಂಟಕ್ಕೆ ಬರುತ್ತೆ. ಸನ್‌ರೂಫ್ ಇರುವ ಕಾರಿನಲ್ಲಿ ತಲೆ ಮೇಲಿನ ಜಾಗವನ್ನೂ ಎತ್ತರದವರು ನೋಡ್ಕೊಳ್ಳಿ. ಕ್ಯೂ3ಯಲ್ಲಿ ಹಿಂದಿನ ಸೀಟು ಹಿಂದೆ ಮುಂದೆ ಸರಿಯುತ್ತೆ, ಬೆನ್ನೂ ಸ್ವಲ್ಪ ವಾಲುತ್ತೆ. ಅಮ್ಮ ಅದರಲ್ಲಿ ಕೂತು ಒಂದು ಹಂತ ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದಳು. ಸೇಲ್ಸ್‌ನ ಹುಡುಗ ಬಣ್ಣದ ದೀಪ ಬದಲಾಯಿಸಿ ಬದಲಾಯಿಸಿ ತೋರಿಸ್ತಾನೇ ಇದ್ದ.

ಅಲ್ಲಿಂದ ಎದ್ದು ಬೇರೆ ಶೋರೂಮಿಗೆ ಹೋದಾಗ ಒಬ್ಬರು ತುಂಬಾ ಮರ್ಯಾದೆಯಿಂದ, "ಅಮ್ಮಾ, ನಿಮಗೆ ಕಾರಿನಲ್ಲಿ ಏನು ಫೀಚರ್ ಬೇಕು?" ಅಂತ ಕೇಳಿದ್ರು.

ಅಮ್ಮ ನನ್ನ ಕಡೆ ನೋಡದೇನೇ ಅಂದಳು: "ನಿಲ್ಸು ಅಂದ್ರೆ ನಿಲ್ಸೋ ಡ್ರೈವರ್ ಬೇಕಪ್ಪ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮನೆಗೆ ಬಂದು ಕೇಳಿದಾಗ ಗೊತ್ತಾಯ್ತು. ನಾನು ಗೂಗಲ್ ಮ್ಯಾಪ್ ತೋರಿಸುವ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ಮುಟ್ಟೋದನ್ನೇ ದೊಡ್ಡ ಸಾಧನೆ ಅಂದ್ಕೊಂಡವನು. ತುಮಕೂರು ದಾಟಿದ್ರೆ ಕಡೂರಿನವರೆಗೆ ನಿಲ್ಲಿಸ್ತಿರಲಿಲ್ಲ. ಮಗ ಗಾಡಿ ಓಡಿಸೋ ಗುಂಗಿನಲ್ಲಿದ್ದಾನೆ, ಯಾಕೆ ತೊಂದ್ರೆ ಅಂತ ಅವಳು ಕೇಳ್ತಿರಲಿಲ್ಲ. ದಾರಿಯಲ್ಲಿ ಬಾತ್‌ರೂಂ ಹೇಗಿರುತ್ತೋ ಅಂತ ಬೆಳಗ್ಗೆಯಿಂದ ನೀರೂ ಕುಡೀತಿರಲಿಲ್ಲ. ಆಪರೇಷನ್ ಆದ ಬೆನ್ನಿಟ್ಕೊಂಡು ನೀರಿಲ್ಲದೆ ಮೂರು ಗಂಟೆ ಅಲುಗಾಡದೆ ಕೂರ್ತಿದ್ದಳು. ಪ್ರಯಾಣದಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿಸಿ ಅಂತ ಡಾಕ್ಟರು ಡಿಸ್ಚಾರ್ಜ್ ದಿನ ನನಗೇ ಹೇಳಿದ್ದರು.

ಟೈರ್ ಮೇಲಿನ ಅಂಕಿ

ಭಾನುವಾರ ರಸ್ತೆಯ ಪರೀಕ್ಷೆ. ಶೋರೂಮಿನವರು ಕರ್ಕೊಂಡು ಹೋಗೋದು ಫ್ಲೈಓವರ್ ಮೇಲೆ. ನಾವು ಪ್ರತಿ ಕಾರನ್ನೂ ನಮ್ಮ ಲೇಔಟಿನ ಹಿಂದಿನ ಅಗೆದು ಮುಚ್ಚಿದ ರಸ್ತೆಗೆ ತಂದೆವು. ಓಡಿಸಿದ್ದು ಶೋರೂಮಿನ ಹುಡುಗ. ನಾನು ಹಿಂದೆ, ಅಮ್ಮನ ಪಕ್ಕ.

ಹೊರಡೋಕೆ ಮುಂಚೆ ಟೈರ್ ಓದಿ. 235/45 ಆರ್19 ಅಂತ ಇದ್ರೆ ಟೈರಿನ ಅಗಲ 235 ಮಿಲಿಮೀಟರ್, ಅದರ ಶೇ. 45 ಟೈರಿನ ಪಕ್ಕದ ಗೋಡೆಯ ಎತ್ತರ. ಅಂದ್ರೆ 106 ಮಿಲಿಮೀಟರ್. 225/55 ಆರ್18 ಆದ್ರೆ 124. ರಸ್ತೆಗೂ ಲೋಹದ ಚಕ್ರಕ್ಕೂ ನಡುವೆ ಇರೋ ರಬ್ಬರು ಗಾಳಿಯ ದಿಂಬು ಇಷ್ಟೇ. ನನ್ನ ಹಳೆ ಹ್ಯಾಚ್‌ಬ್ಯಾಕ್‌ನ 185/65 ಆರ್15 ಟೈರಿಗೆ 120! ಫೋಟೋದಲ್ಲಿ ಚಂದ ಕಾಣುವ 19 ಇಂಚಿನ ಅಲಾಯ್‌ಗೆ ದುಡ್ಡು ಕೊಟ್ಟು ನಾವು ದಿಂಬನ್ನ ತೆಳು ಮಾಡಿಸ್ಕೊಳ್ತೀವಿ. ಪಂಕ್ಚರ್ ಆದ್ರೂ ಸುಮಾರು 80 ಕಿಲೋಮೀಟರ್ ಓಡುವ ರನ್‌ಫ್ಲಾಟ್ ಟೈರುಗಳಿರುತ್ತವಲ್ಲ, ಅವುಗಳ ಪಕ್ಕದ ಗೋಡೆ ಗಟ್ಟಿ ಇರಬೇಕಾಗುತ್ತೆ. ಗುಂಡಿಯ ಹೊಡೆತ ಬೆನ್ನಿಗೆ ಜಾಸ್ತಿ ತಟ್ಟುತ್ತೆ. ಅದು ಬೇಕೋ ಬೇಡವೋ ನಿಮ್ಮಿಷ್ಟ, ಆದರೆ ಗೊತ್ತಿರಲಿ.

ಎಂಜಿನಿಯರ್ ಬುದ್ಧಿ ಸುಮ್ನಿರಲ್ಲವಲ್ಲ, ಫೋನಿನಲ್ಲಿ ಫೈಫಾಕ್ಸ್ ಅನ್ನೋ ಆ್ಯಪ್ ಹಾಕ್ಕೊಂಡಿದ್ದೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ. ಫೋನಿನ ಸೆನ್ಸರ್‌ನಿಂದ ಅಲುಗಾಟವನ್ನು ಗ್ರಾಫ್ ಮಾಡಿ ತೋರಿಸುತ್ತೆ. ಸೀಟಿನ ಮೇಲೆ ಫೋನಿಟ್ಟು ಅದೇ ಹಂಪ್, ಅದೇ 20 ಕಿಲೋಮೀಟರ್ ವೇಗ.

ಒಂದು ಕಾರಿನ ಗೆರೆ ಎತ್ತರಕ್ಕೆ ಜಿಗಿದು ತಕ್ಷಣ ಶಾಂತವಾಯ್ತು. ಇನ್ನೊಂದರದ್ದು ಕಡಿಮೆ ಜಿಗಿದು ನಾಲ್ಕು ಸಲ ತೂಗಿ ಆಮೇಲೆ ನಿಂತಿತು. ಮೆತ್ತಗಿರೋ ಎರಡನೆಯದೇ ಅಮ್ಮನಿಗೆ ಹಿಡಿಸುತ್ತೆ ಅಂತ ನಾನು ಬರೆದಿಟ್ಕೊಂಡಿದ್ದೆ. ಅಮ್ಮ, "ಇದು ತೊಟ್ಟಿಲು ತೂಗಿದ ಹಾಗೆ ತೂಗುತ್ತೆ, ಹೊಟ್ಟೆ ತೊಳೆಸುತ್ತೆ. ಆಗ್ಲೇದೇ ವಾಸಿ" ಅಂದಳು. ಆಮೇಲೆ ಓದಿದೆ. ಮನುಷ್ಯನ ಮೇಲೆ ಕಂಪನದ ಪರಿಣಾಮ ಅಳೆಯೋಕೆ ಐಎಸ್ಒ 2631 ಅಂತ ಒಂದು ಮಾನದಂಡವೇ ಇದೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಬರುವ ಮೇಲೆ-ಕೆಳಗಿನ ಅಲುಗಾಟ ದೇಹಕ್ಕೆ ಹೆಚ್ಚು ತಟ್ಟುತ್ತೆ. ಎರಡು ಸೆಕೆಂಡಿಗೆ ಒಂದಕ್ಕಿಂತ ನಿಧಾನದ ತೂಗಾಟ ವಾಂತಿ ತರಿಸುತ್ತೆ. ಒಬ್ಬೊಬ್ಬರಿಗೆ ಒಂದೊಂದು ಕಷ್ಟ. "ಮೆತ್ತಗಿನ ಸಸ್ಪೆನ್ಷನ್" ಅಂತ ರಿವ್ಯೂನಲ್ಲಿ ಹೊಗಳಿದ್ದು ನಿಮ್ಮ ಮನೆಯವರಿಗೆ ಆಗದೇ ಇರಬಹುದು.

ಯಾವ ಗ್ರಾಫ್ ಯಾವ ಕಾರಿನದು ಅಂತ ಬರೀತಿಲ್ಲ. ಟೈರ್ ಸೈಜ್, ಗಾಳಿ, ವೇರಿಯಂಟ್ ಬದಲಾದ್ರೆ ಗೆರೆಯೂ ಬದಲಾಗುತ್ತೆ. ನೀವು ತಗೊಳ್ಳುವ ವೇರಿಯಂಟಿನಲ್ಲೇ ಮಾಡಿ ನೋಡಿ.

ಅಪ್ಪನ ಪಾಠ

ಸೋಮವಾರ ಡಾಕ್ಟರ್ ಭೇಟಿ ಮುಗಿಸಿ ಮಂಗಳವಾರ ಹಳೆ ಕಾರಿನಲ್ಲೇ ಊರಿಗೆ ಹೊರಟೆವು. ಈ ಸಲ ಅಪ್ಪ ನನ್ನ ಪಕ್ಕ ಕೂತರು. ನೆಲಮಂಗಲ ದಾಟೋ ಹೊತ್ತಿಗೆ ಬಾಯಿ ಬಿಟ್ಟರು.

"ಹಂಪ್ ಮೇಲೆ ಬ್ರೇಕ್ ಹಿಡಿದಿದ್ದೀಯಲ್ಲ."

"ಮತ್ತೆ? ನಿಧಾನ ಮಾಡ್ಬೇಕಲ್ಲಪ್ಪ?"

"ಮುಂಚೆನೇ ಹಿಡಿ. ಹಂಪ್ ಬರೋ ಹೊತ್ತಿಗೆ ಕಾಲು ಬಿಟ್ಟಿರಬೇಕು. ಬ್ರೇಕ್ ಹಿಡ್ಕೊಂಡೇ ಹತ್ತಿಸಿದ್ರೆ ಮೂತಿ ಕೆಳಗೆ ಹೋಗಿರುತ್ತೆ. ಹಿಂದೆ ಕೂತವರಿಗೆ ಎರಡು ಏಟು."

ಫಿಸಿಕ್ಸ್ ಸರಿಯಾಗೇ ಇತ್ತು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬಂದು ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತೆ, ಹಂಪ್ ನುಂಗೋಕೆ ಜಾಗ ಉಳಿದಿರಲ್ಲ. ನಮ್ಮ ದೇಶದ ರಸ್ತೆ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿಲೋಮೀಟರ್ ವೇಗದಲ್ಲಿ ಹಾಯಾಗಿ ದಾಟಬೇಕು. ನಮ್ಮ ಊರೂರಿನ ಹಂಪ್‌ಗಳು ಹೇಗಿರ್ತವೆ ಅಂತ ನಿಮಗೆ ನಾನೇನು ಹೇಳೋದು!

ತುಮಕೂರಿನಲ್ಲಿ ನಿಲ್ಲಿಸಿದೆ. ತಿಪಟೂರಿನಲ್ಲಿ ನಿಲ್ಲಿಸಿದೆ, ಮೊದಲೇ ಫೋನಿನಲ್ಲಿ ಹುಡುಕಿಟ್ಟಿದ್ದ, ಬಾತ್‌ರೂಂ ಚೊಕ್ಕಟವಾಗಿರುವ ಹೋಟೆಲಿನಲ್ಲಿ. ಅಮ್ಮ ಹತ್ತು ನಿಮಿಷ ಓಡಾಡಿ, ಕಾಫಿ ಕುಡಿದು, ಒಂದು ಲೋಟ ನೀರೂ ಕುಡಿದಳು. ಅರಸೀಕೆರೆ ದಾಟಿದ ಮೇಲೆ ಹಿಂದಿನಿಂದ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದ್ರೆ ನಿದ್ದೆ. ಎಂಟು ವರ್ಷದ ಅದೇ ಕಾರು, ಅದೇ ಸೀಟು. ಒಂದು ಗಂಟೆ ಹತ್ತು ನಿಮಿಷ ತಡವಾಗಿ ಮುಟ್ಟಿದೆವು. ಅಮ್ಮ ಬಾಗಿಲು ಹಿಡ್ಕೊಳ್ಳದೇ ಇಳಿದಳು ಅಂತೇನೂ ಇಲ್ಲ. ಹಿಡ್ಕೊಂಡೇ ಇಳಿದಳು. ಆದರೆ ಬರಲ್ಲ ಅನ್ನಲಿಲ್ಲ.

ಕೊನೆಗೆ

ಹಾಗಾದ್ರೆ ಕಾರೇ ಬೇಡವಾ? ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಎತ್ತರದ ಸೀಟು, ವಾಲುವ ಬೆನ್ನು ಅಮ್ಮನಿಗೆ ನಿಜವಾಗಲೂ ಉಪಯೋಗ. ಹೊಸದರ ಆಸೆ ಮಾತ್ರ ಬಿಟ್ಟೆ. ಎರಡೂವರೆ ವರ್ಷ ಓಡಿದ, ಕಂಪನಿಯವರೇ ಪರೀಕ್ಷಿಸಿ ವಾರಂಟಿ ಕೊಟ್ಟ 2023ರ ಕ್ಯೂ3 ತಗೊಂಡೆ, 34 ಲಕ್ಷಕ್ಕೆ. ಕರ್ನಾಟಕದಲ್ಲೇ ನೋಂದಣಿ ಆದದ್ದು, ಹಾಗಾಗಿ ಜೀವಿತಾವಧಿ ತೆರಿಗೆ ಮೊದಲ ಮಾಲೀಕರು ಕಟ್ಟಿಬಿಟ್ಟಿದ್ದಾರೆ. ಯಾರೋ ಪುಣ್ಯಾತ್ಮರು! ಕೈಯಿಂದ 16 ಲಕ್ಷ, ಸಾಲ 18 ಲಕ್ಷ, ಐದು ವರ್ಷ, ಶೇ. 10.5 ಬಡ್ಡಿ, ತಿಂಗಳಿಗೆ ಸುಮಾರು 38,700. ಉಳಿದ 6 ಲಕ್ಷ ಹೆಂಡತಿಯ ಕಾಲಂನಲ್ಲಿ, ಎಫ್‌ಡಿ ಆಗಿ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಎರಡು ಮಾತು. ಸರ್ವಿಸ್ ದಾಖಲೆ ಪೂರ್ತಿ ಇಲ್ಲದಿದ್ರೆ ಎದ್ದು ಬನ್ನಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2323 ಅಂದ್ರೆ 2023ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಕಾರಿನ ವಯಸ್ಸಿಗೂ ಅದಕ್ಕೂ ತಾಳೆ ನೋಡಿ. ಜೊತೆಗೆ, ಸರ್ವಿಸು, ಟೈರಿನ ಖರ್ಚು ಹೊಸ ಕಾರಿನ ಲೆಕ್ಕದಲ್ಲೇ ಇರುತ್ತೆ, ಹಳೇದು ಅಂತ ರಿಯಾಯಿತಿ ಇಲ್ಲ. ಅದನ್ನ ತಿಂಗಳ ಖರ್ಚಿಗೆ ಸೇರಿಸಿ ನೋಡಿ.

ಹೋದ ವಾರ ಹೊಸ ಕಾರಿನಲ್ಲಿ ಅಮ್ಮನನ್ನು ಕರ್ಕೊಂಡು ಬಂದೆ. ಸನ್‌ರೂಫ್ ತೆರೆದು ತೋರಿಸಿದೆ. "ಮುಚ್ಚೋ, ಬಿಸಿಲು" ಅಂದಳು. ಮೂವತ್ತು ಬಣ್ಣದ ದೀಪ ತೋರಿಸೋಕೆ ಧೈರ್ಯ ಬರಲಿಲ್ಲ. ತಿಪಟೂರು ಬಂತು, ನಾನಾಗೇ ನಿಲ್ಲಿಸಿದೆ. ಅಪ್ಪ ಬೆಲ್ಟ್ ಬಿಚ್ಚುತ್ತಾ ಹಿಂದೆ ತಿರುಗಿ, "ನೋಡೇ, ಬಸ್ ಸ್ಟ್ಯಾಂಡ್ ಬಂತು, ಹತ್ತು ನಿಮಿಷ ಟೈಮಿದೆ, ಇಳಿಯೋರು ಇಳೀಬಹುದು" ಅಂದ್ರು.

ನಿಮ್ಮ ಮನೆಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಕೂರ್ತಾರೆ? ಮುಂದಿನ ಸಲ ಅವರ ಜಾಗದಲ್ಲಿ ಒಂದು ಗಂಟೆ ಕೂತು ನೋಡಿ, ಏನನ್ನಿಸ್ತು ಅಂತ ಬರೆದು ಕಳಿಸಿ.